ಸುವರ್ಣಾಳ ಲೈನು

ಎರಡು ವರ್ಷ ಮಾತಿಲ್ಲದೆ ಮಲಗಿದ್ದ ಸುವರ್ಣಾ ಕಲಬುರಗಿಯ ಪ್ರಯೋಗಾಲಯದಲ್ಲಿ ಮೊದಲ ಸಲ, ತುಟಿ ಅಲುಗಿಸದೆಯೇ, ಮಾತಾಡಿದಾಗ ಸುತ್ತ ನಿಂತಿದ್ದವರು ಅಳುವುದನ್ನು ಬಿಟ್ಟು ನಕ್ಕುಬಿಟ್ಟರು.

"ಎಷ್ಟ್ ಮಂದಿ ಮುಕುರಿಕೊಂಡು ನಿಂತೀರಿ? ಹಿಂದ ಸರೀರಿ, ಗಾಳಿ ಬರಲಿ!"

ಮಂಚದ ಪಕ್ಕದ ಪುಟ್ಟ ಸ್ಪೀಕರಿನಿಂದ ಬಂದ ದನಿ ಅದು. ಅವಳದೇ ದನಿ. ಸುವರ್ಣಾ ಸರ್ಕಾರಿ ಬಸ್ಸಿನ ಕಂಡಕ್ಟರ್ ಆಗಿದ್ದಳು. ಮಿದುಳಿನ ಬುಡದಲ್ಲಿ ರಕ್ತನಾಳ ಒಡೆದು, ಕುತ್ತಿಗೆಯಿಂದ ಕಾಲ್ಬೆರಳಿನವರೆಗೆ ಎಲ್ಲವೂ ಒಂದೇ ಮಧ್ಯಾಹ್ನ ನಿಂತುಹೋಗಿತ್ತು. ಕಣ್ಣು ತೆರೆಯುತ್ತಿದ್ದವು, ಮುಚ್ಚುತ್ತಿದ್ದವು, ಆದರೆ ಯಾರೋ ಕೇಳಿದರೆಂದು ಅಲ್ಲ. ಅವಳ ದನಿಯನ್ನು ಯಂತ್ರಕ್ಕೆ ಕಲಿಸಬೇಕು, ಹಳೆಯ ರೆಕಾರ್ಡಿಂಗ್ ಏನಾದರೂ ಇದೆಯೇ ಎಂದು ಡಾಕ್ಟರು ಕೇಳಿದಾಗ ಗಂಡ ಮೌನೇಶನಿಗೆ ಸಿಕ್ಕಿದ್ದು ಒಂದೇ ಒಂದು. ಬಸ್ಸಿನಲ್ಲಿ ಸೀಟಿಗಾಗಿ ನಡೆದ ಜಗಳವನ್ನು ಕಾಲೇಜು ಹುಡುಗಿಯೊಬ್ಬಳು ಫೋನಿನಲ್ಲಿ ಹಿಡಿದಿದ್ದಳು. ಜಗಳ ಬಿಡಿಸುತ್ತಿದ್ದವಳು ಸುವರ್ಣಾ. ಹಾಗಾಗಿ ಇನ್ನು ಮುಂದೆ ಅವಳು ನೀರು ಕೇಳಿದರೂ, ಮಗಳನ್ನು ಮುದ್ದಿಸಿದರೂ, ತುಂಬಿದ ಬಸ್ಸಿನ ಹಿಂದಿನ ಬಾಗಿಲಿಗೆ ಕೇಳುವಷ್ಟು ಜೋರಾಗಿಯೇ ಕೇಳಿಸುವುದಿತ್ತು.

ನಗು ನಿಂತ ಮೇಲೆ ಅವಳು ಎರಡನೆಯ ಮಾತು ಆಡಿದಳು.

"ಮನಿಗಿ ನಡೀರಿ."

ಪ್ರಯೋಗಾಲಯದ ಮುಖ್ಯಸ್ಥ ಡಾಕ್ಟರ್ ಪ್ರಭಂಜನ ಮೈಸೂರಿನ ಕಡೆಯವರು. ಮೌನೇಶನನ್ನು ಪಕ್ಕದ ಕೋಣೆಗೆ ಕರೆದು ಕೂರಿಸಿ, ತಮ್ಮ ಯಂತ್ರದ ಮರ್ಮವನ್ನು ವಿವರಿಸಿದರು. ನಾಲಿಗೆ ಹೊರಳಲಿ, ತುಟಿ ಕೂಡಲಿ ಎಂಬ ಅಪ್ಪಣೆ ಸುವರ್ಣಾಳ ಮಿದುಳಿನಲ್ಲಿ ಈಗಲೂ ಹುಟ್ಟುತ್ತಿದೆ. ಕೆಳಗಿಳಿಯುವ ದಾರಿ ಮಾತ್ರ ಕಡಿದಿದೆ. ಅಪ್ಪಣೆ ಹುಟ್ಟುವ ಜಾಗದ ಮೇಲೆ ಈರುಳ್ಳಿಯ ಒಳಪೊರೆಯಷ್ಟು ತೆಳ್ಳಗಿನ ಬಲೆಯೊಂದನ್ನು ಹಾಸಿದ್ದಾರೆ. ಅದು ಕೇಳಿಸಿಕೊಂಡದ್ದನ್ನು ಅರ್ಥ ಮಾಡಿಕೊಳ್ಳುವ ಯಂತ್ರ ಈ ಕಟ್ಟಡದ ಕೆಳಮಹಡಿಯನ್ನು ತುಂಬಿಕೊಂಡಿದೆ.

"ಅದನ್ನ ಮನೆಗೆ ಕಳಿಸೋಕಾಗಲ್ಲ. ಆದರೆ ಬಲೆ ಹಿಡಿದದ್ದನ್ನ ಇಲ್ಲಿಗೆ ಕಳಿಸಬಹುದು. ಕಣ್ಣು ಮಿಟುಕಿಸೋದರೊಳಗೆ ಬಂದು, ಮಾತಾಗಿ ವಾಪಸ್ ಹೋಗಬೇಕು. ತಡವಾದರೆ ಮಾತು ಒಡೆದುಹೋಗುತ್ತೆ."

"ಅಂದ್ರ ಮನ್ಯಾಗ ಚಲೋ ನೆಟ್ ಇರಬೇಕು. ಅಷ್ಟ ಹೌದಲ್ರಿ?"

"ಇನ್ನೊಂದಿದೆ. ಮೈ ಯಾವತ್ತೂ ಬಲೆಯನ್ನ ತನ್ನದು ಅಂತ ಒಪ್ಪಲ್ಲ. ಅದರ ಮೇಲೆ ದಿನಾ ಒಂದಿಷ್ಟು ಪೊರೆ ಕಟ್ಟುತ್ತೆ. ಅವರು ದಿನಾ ಮಾತಾಡ್ತಾ ಇದ್ದರೆ ಯಂತ್ರ ಆ ಪೊರೆಯ ಹಿಂದಿನಿಂದ ಕೇಳೋದನ್ನೂ ಕಲೀತಾ ಹೋಗುತ್ತೆ. ಬಹಳ ದಿನ ಬಿಟ್ಟರೆ ಮತ್ತೆ ಗುರುತು ಸಿಗೋದು ಕಷ್ಟ."

ಮೌನೇಶ ತಲೆಯಾಡಿಸಿದ. ಅವನು ಬಡಗಿ. ಕೆಲಸ ನಿಂತರೆ ಉಳಿಗೆ ತುಕ್ಕು ಹಿಡಿಯುವುದು ಅವನಿಗೆ ಹೊಸ ಸಂಗತಿಯಾಗಿರಲಿಲ್ಲ. ಡಾಕ್ಟರಿಗೆ ಗೊತ್ತಿಲ್ಲದಿದ್ದದ್ದು ಅವನ ಊರು ಬೋಳಗುಂಡ.

ಸುರಪುರದ ಆಚೆ, ಕರಿ ಬಂಡೆಗಳು ಒಂದರ ಮೇಲೊಂದು ಕೂತ ಗುಡ್ಡಗಳ ನಡುವೆ, ಬಟ್ಟಲಿನ ತಳದಲ್ಲಿ ಉಳಿದ ಅಂಬಲಿಯಂತಿತ್ತು ಆ ಊರು. ಫೋನಿನಲ್ಲಿ ಮಾತಾಡಬೇಕಾದರೆ ಬಂಡೆ ಏರಬೇಕು. ಕೇಬಲ್ಲು ಗುಡ್ಡದ ಆ ಮಗ್ಗುಲಿನ ಪಂಚಾಯ್ತಿ ಕಚೇರಿಯ ತನಕ ಬಂದು, ಗೋಡೆಯ ಮೇಲಿನ ಪೆಟ್ಟಿಗೆಯೊಂದರಲ್ಲಿ ಹಸಿರು ದೀಪವಾಗಿ ಮಿನುಗುತ್ತ ಕೂತಿತ್ತು. ಬಂಡೆ ಕೊರೆದು ಅದನ್ನು ಈಚೆ ತರುವ ಅಪ್ಪಣೆ ಯಾರ ಬಳಿಯೂ ಇರಲಿಲ್ಲ. ಖಾಸಗಿ ಏಜೆಂಟನೊಬ್ಬ ಬೇವಿನ ಮರದಿಂದ ಕರೆಂಟಿನ ಕಂಬಕ್ಕೆ, ಕಂಬದಿಂದ ಬಂಡೆಗೆ ತಂತಿ ಎಳೆದುಕೊಟ್ಟ. ಮುಸಿಯ ಕೋತಿಗಳು ಅದರ ಮೇಲೆ ಜೀಕಾಡಿ ಮೂರನೆಯ ದಿನವೇ ಹರಿದುಹಾಕಿದವು.

ಆಮೇಲೆ ಮೌನೇಶ ಮಾಳಿಗೆಯ ಮೇಲೆ ಉಪಗ್ರಹದ ತಟ್ಟೆ ಹಾಕಿಸಿದ. ಹಾಕಲು ಬಂದವನು ತನ್ನ ಫೋನಿನಲ್ಲಿ ಸಿನಿಮಾ ಹಚ್ಚಿ ತೋರಿಸಿದ.

"ನೋಡ್ರಿ, ಹೆಂಗ ಓಡ್ತದ! ಒಂದೀಟೂ ನಿಲ್ಲಂಗಿಲ್ಲ."

"ನಮಗ ಬರೋದು ಬ್ಯಾಡ್ರಿ," ಎಂದ ಮೌನೇಶ. "ಹೋಗೋದು ಬೇಕು."

ಆತನಿಗೆ ಅರ್ಥವಾಗಲಿಲ್ಲ. ಹಳ್ಳಿಗೆ ನೆಟ್ ಮಾರುವವರೆಲ್ಲ ಇಳಿಸಿಕೊಳ್ಳುವ ವೇಗವನ್ನೇ ಮಾರುತ್ತಿದ್ದರು. ಹಳ್ಳಿಯ ಮನೆಯೊಂದರಿಂದ ಹೊರಗೆ ಕಳಿಸುವಂಥದ್ದು ಏನಾದರೂ ಇದ್ದೀತೆಂದು ಅವರು ಲೆಕ್ಕ ಹಾಕಿರಲಿಲ್ಲ. ತಟ್ಟೆಗೆ ಬಂಡೆಗಳ ನಡುವೆ ಕಾಣುತ್ತಿದ್ದದ್ದು ಒಂದು ತುಂಡು ಆಕಾಶ. ಅದರಲ್ಲಿ ಉಪಗ್ರಹ ಹಾದಾಗ ಮಾತು ಬರುತ್ತಿತ್ತು, ಇಲ್ಲವಾದರೆ ಇಲ್ಲ.

"ಕಾಲ... ಮ್ಯಾಲ... ವಿ..." ಎಂದು ಒಂದು ಬೆಳಿಗ್ಗೆ ಸುವರ್ಣಾ ಕೂಗಿದಳು. ಮೌನೇಶ ಅವಳ ಕಾಲಿಗೆ ರಗ್ಗು ಹೊದಿಸಿದ, ತೆಗೆದ, ಕಾಲು ತಿಕ್ಕಿದ. ಸಂಜೆ ಸಂಪರ್ಕ ಸರಿಯಾದಾಗ ಬೈಗುಳ ಪೂರ್ತಿ ಬಂತು. "ನಿನ್ನ ಕಾಲ ಮ್ಯಾಲ ಇರುವಿ ಹತ್ಯಾವ ಅಂದ್ನೋ ಮಾರಾಯ! ನನ್ನ ಕಾಲ ಯಾಕ ತಿಕ್ಕಿದಿ?"

ಮಗಳು ಗಂಗೋತ್ರಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಐದನೇ ತರಗತಿಯ ಹುಡುಗಿ. ಅಮ್ಮನ ದನಿ ಮರೆತೇಹೋಗಿತ್ತೆಂದು ಅವಳು ಯಾರಿಗೂ ಹೇಳಿರಲಿಲ್ಲ.

ಆ ವರ್ಷವೇ ನಿಲುವಿಮಾನ ಬಂತು. ಮೋಡಗಳಿಗಿಂತ ಎಷ್ಟೋ ಮೇಲೆ, ಬಿಸಿಲನ್ನೇ ಉಂಡು ತಿಂಗಳುಗಟ್ಟಲೆ ಸುತ್ತುವ, ಒಳಗೆ ಯಾರೂ ಕೂರದ ವಿಮಾನ. ಅಗಲವಾದ ರೆಕ್ಕೆ, ಕಡ್ಡಿಯಂಥ ಮೈ. ತಂತಿ ಮುಟ್ಟದ ಊರುಗಳಿಗೆ ಮೇಲಿನಿಂದ ಸಂಪರ್ಕ ಕೊಡುವ ಪ್ರಯೋಗಕ್ಕೆ ಈ ಭಾಗವನ್ನೇ ಆರಿಸಿಕೊಂಡಿದ್ದರು. ಮೌನೇಶ ಮಾಳಿಗೆಯ ತಟ್ಟೆ ಕಿತ್ತು ಕಂಪನಿಗೆ ವಾಪಸ್ ಕೊಟ್ಟು, ಸಿಗ್ನಲ್ ಹಿಡಿಯಲು ಇವರು ಕೊಟ್ಟ ಚೌಕದ ಹಲಗೆ ಜಡಿದ.

ಕಲಬುರಗಿಯ ಹೊರವಲಯದ ನಿಯಂತ್ರಣ ಕೋಣೆಯಲ್ಲಿ ಅದನ್ನು ಹಾರಿಸುತ್ತಿದ್ದವಳು ತಹಸೀನ್ ಬಾನು. ಕೆಲಸಕ್ಕೆ ಸೇರಿ ಹೆಚ್ಚು ಕಾಲವಾಗಿರಲಿಲ್ಲ. ಅವಳ ಪರದೆಯ ಮೇಲೆ ಪ್ರತಿ ಮನೆಯೂ ಒಂದು ಚುಕ್ಕೆ. ಇಳಿಸಿಕೊಳ್ಳುವವು ನೀಲಿ, ಏರಿಸುವವು ಕೆಂಪು. ಸಾವಿರಾರು ನೀಲಿ ಚುಕ್ಕೆಗಳ ನಡುವೆ ಬೋಳಗುಂಡದಲ್ಲಿ ಒಂದೇ ಒಂದು ಕೆಂಪು ಚುಕ್ಕೆ ಬೆಳಗಿನಿಂದ ಸಂಜೆತನಕ ಉರಿಯುತ್ತಿತ್ತು. ಯಾರೋ ಕಳ್ಳವ್ಯಾಪಾರ ಮಾಡುತ್ತಿದ್ದಾರೆಂದು ಅನುಮಾನಿಸಿ ಆ ಮನೆಗೆ ಕರೆ ಮಾಡಿದಳು.

"ಏನ್ ನಡಸೀರಿ ನಿಮ್ಮ ಮನ್ಯಾಗ? ಇಡೀ ತಾಲ್ಲೂಕು ಇಳಿಸ್ಕೊಂತದ, ನೀವೊಬ್ರ ಏರಸ್ತೀರಿ."

"ನಾ ಮಾತಾಡಾಕತ್ತೀನ್ರಿ," ಎಂದಿತು ಭಾರಿ ದನಿಯೊಂದು. "ಜಾಸ್ತಿ ಆತೇನು?"

ವಿಷಯವೆಲ್ಲ ತಿಳಿದ ಮೇಲೆ ತಹಸೀನ್ ವಿಮಾನದ ಸುತ್ತನ್ನು ಕಿರಿದು ಮಾಡಿ, ಬಂಡೆಗಳ ಬಟ್ಟಲಿನೊಳಕ್ಕೆ ಯಾವಾಗಲೂ ಇಣುಕುವಂತೆ ಪೂರ್ವಕ್ಕೆ ಸರಿಸಿದಳು. ಯೋಜನೆಯ ಕಡತದಲ್ಲಿ ಸುವರ್ಣಾಳ ಹೆಸರಿನ ಮುಂದೆ 'ಜೀವಾಧಾರ ಬಳಕೆದಾರರು' ಎಂದು ನಮೂದಿಸಿದಳು. ಹಾಗೆ ನಮೂದಾದವರ ಒಪ್ಪಿಗೆಯಿಲ್ಲದೆ ವಿಮಾನವನ್ನು ಅವರ ತಲೆಯ ಮೇಲಿನಿಂದ ಕದಲಿಸುವಂತಿರಲಿಲ್ಲ.

ಅದಾದ ಮೇಲಿನ ಒಂದು ಬೇಸಿಗೆ, ಅರ್ಧ ಮಳೆಗಾಲ ಆ ಮನೆಯಲ್ಲಿ ಮಾತೇ ಮಾತು. ಮೊದಮೊದಲು ಓಣಿಯ ಹೆಂಗಸರು ಆ ದನಿಗೆ ಬೆಚ್ಚಿ ಹೊಸ್ತಿಲಿನ ಹೊರಗೇ ನಿಲ್ಲುತ್ತಿದ್ದರು. ಆಮೇಲೆ ಯಾವ ಬಸ್ಸು ಎಷ್ಟೊತ್ತಿಗೆ, ಎಲ್ಲಿ ಇಳಿದು ಯಾವುದು ಹತ್ತಬೇಕು ಎಂದು ಕೇಳಲು ಬರತೊಡಗಿದರು. ಗಂಗೋತ್ರಿ ಮಗ್ಗಿ ತಪ್ಪಿದರೆ ಓಣಿಗೆಲ್ಲ ತಿಳಿಯುತ್ತಿತ್ತು. "ಅವ್ವಾ, ಸಾವಕಾಶ ಅನ್ನಬೇ," ಎಂದು ಹುಡುಗಿ ಗೋಗರೆಯುತ್ತಿದ್ದಳು. "ಇದರಾಗ ಸಾವಕಾಶ ಇಲ್ಲವ್ವ ನನ್ನ ಕಡೆ," ಎಂದು ಸುವರ್ಣಾ ಕೂಗುತ್ತಿದ್ದಳು.

ಒಂದು ಮಧ್ಯಾಹ್ನ ಮೌನೇಶ ಅವಳ ಬೆನ್ನು ಒರೆಸುತ್ತಿದ್ದಾಗ ಅವಳು ಹೇಳಿದಳು. "ಆ ಎರಡು ವರ್ಷ ನೀ ಹೇಳಿದ್ದೆಲ್ಲಾ ಕೇಳೀನಿ ನಾ."

ಅವನ ಕೈ ನಿಂತಿತು. ಒಮ್ಮೆ, ಅವಳಿಗೆ ತಿಳಿಯುವುದಿಲ್ಲವೆಂದುಕೊಂಡು, 'ಹೋಗಿಬಿಡು ಸುವರ್ಣಾ, ನಿನಗೂ ಬಿಡುಗಡಿ' ಎಂದು ಅವನು ಅತ್ತಿದ್ದ.

"ಅದನ್ನೂ?"

"ಅದನ್ನೂ ಕೇಳೀನಿ. ಸಿಟ್ಟಿಲ್ಲ. ಆದ್ರ ನನಗ ಹೋಗಾಕ ಮನಸಿರಲಿಲ್ಲ ನೋಡು. ಅದನ್ನ ಹೇಳಬೇಕಿತ್ತು, ಬಾಯಿರಲಿಲ್ಲ."

ಅವನು ಬಟ್ಟೆಯನ್ನು ಬಕೆಟ್ಟಿಗೆ ಹಾಕಿ ಅವಳ ಭುಜಕ್ಕೆ ಹಣೆ ಹಚ್ಚಿ ಕೂತ. "ಬೆನ್ನು ಆರ್ತದ, ಒರಸು," ಎಂದಳು.

ಆ ಮಳೆಗಾಲದ ನಡುವೆ ಕೃಷ್ಣೆ ಏರಿತು. ಮೇಲಿನ ಸೀಮೆಯಲ್ಲಿ ಮುರಿದು ಸುರಿದ ಮಳೆ ಒಮ್ಮೆಲೇ ಕೆಳಗಿಳಿದು, ಹೊಳೆಸಾಲಿನ ಊರುಗಳ ಕರೆಂಟು, ಫೋನಿನ ಗೋಪುರ, ರಸ್ತೆ ಎಲ್ಲವನ್ನೂ ಕೊಂಡೊಯ್ದಿತು. ನಿಲುವಿಮಾನವನ್ನು ಹೊಳೆಯ ಮೇಲಕ್ಕೆ ಕೊಡಿ ಎಂದು ಪರಿಹಾರ ತಂಡದವರು ಕೇಳಿದರು. ತಹಸೀನಳ ಮೇಲಧಿಕಾರಿ ಕಡತ ನೋಡಿ, "ಬೋಳಗುಂಡದವರು ಹೂಂ ಅನ್ನಬೇಕಲ್ಲ," ಎಂದು ಅವಳತ್ತ ತಿರುಗಿದರು.

ಅವಳು ಮೊದಲು ಡಾಕ್ಟರ್ ಪ್ರಭಂಜನರನ್ನು ಕೇಳಿದಳು. "ವಾರವಾದರೆ ನಾನು ಸರಿಮಾಡಿಕೊಳ್ತೀನಿ," ಎಂದರು ಅವರು. "ಅದಕ್ಕಿಂತ ಹೆಚ್ಚಾದರೆ ಭರವಸೆ ಕೊಡೋಕಾಗಲ್ಲ. ಇದನ್ನ ಅವರಿಗೂ ಹೇಳು." ಅವಳು ಬೋಳಗುಂಡಕ್ಕೆ ಕರೆ ಮಾಡಿ ಒಂದನ್ನೂ ಮುಚ್ಚಿಡದೆ ಹೇಳಿದಳು.

"ಆಗಂಗಿಲ್ಲ," ಎಂದುಬಿಟ್ಟ ಮೌನೇಶ. "ಬ್ಯಾರೆ ವಿಮಾನ ತರಿಸ್ರಿ. ಸರ್ಕಾರದ ಹಂತ್ಯಾಕ ಇದೊಂದ ಐತೇನು?"

"ಹಾರೂದು ಇದೊಂದ ಅದ, ಅಣ್ಣಾ."

"ಯಾವ್ಯಾವ ಊರು?" ಎಂದು ಕೇಳಿದಳು ಸುವರ್ಣಾ.

ತಹಸೀನ್ ಓದಿದಳು. ಹೊಳೆಮುತ್ತಿಗಿ, ಗೌಡನಗಡ್ಡಿ, ಮರಳಕಟ್ಟಿ. ಸುವರ್ಣಾ ಅವೆಲ್ಲವನ್ನೂ ಬಲ್ಲಳು. ಅದು ಅವಳ ಬಸ್ಸಿನ ದಾರಿ.

"ಗೌಡನಗಡ್ಡ್ಯಾಗ ನೀರು ಬಂದ್ರ ಮಂದಿ ಶಾಲಿ ಮಾಳಿಗಿ ಏರತಾರ. ಅದು ಹಳೇ ಮಾಳಿಗಿ, ಬಾಳೊತ್ತು ತಡಿಯಂಗಿಲ್ಲ. ಅವರಿಗೆ ಹೇಳ್ರಿ."

"ಹೇಳಾಕ ಲೈನಿಲ್ಲ ಅಕ್ಕಾ. ಯಾರು ಎಲ್ಲಿ ಅದಾರ ಅಂತ ಗೊತ್ತಿಲ್ಲ. ಅವರು ಒದರಿದ್ರೂ ಯಾರಿಗೂ ಕೇಳಸಂಗಿಲ್ಲ."

ಸ್ಪೀಕರಿನಿಂದ ಉತ್ತರ ಬಂತು.

"ಹಂಗ ಇರೂದು ನನಗ ಗೊತ್ತದ. ಒಯ್ರಿ."

"ಸುವರ್ಣಾ, ಬ್ಯಾಡ!" ಮೌನೇಶ ಮಂಚದ ಪಟ್ಟಿ ಹಿಡಿದುಕೊಂಡಿದ್ದ. "ನೀ ಮತ್ತ ಒಳಗ ಹ್ವಾದ್ರ ನಾ ಏನ್ ಮಾಡ್ಲಿ?"

"ನೀ ಮಾತಾಡ್ಕೋಂತ ಇರು. ನಾ ಕೇಳ್ತಿರ್ತೀನಲ್ಲ, ಮದ್ಲಿನಂಗ." ಆ ದನಿಯಲ್ಲಿ ಮೆತ್ತಗಾಗುವುದು ಸಾಧ್ಯವಿರಲಿಲ್ಲ. ಬಸ್ಸು ಬಿಡುವಾಗ ಕೂಗಿದಂತೆಯೇ ಅದು ಹೇಳಿತು. "ನೀರು ಇಳಿದ ಮ್ಯಾಲ ಬರ್ತದ. ಬಿಡ್ರಿ, ತಡಾ ಮಾಡಬ್ಯಾಡ್ರಿ."

ವಿಮಾನ ನಿಧಾನವಾಗಿ ದಕ್ಷಿಣಕ್ಕೆ, ಹೊಳೆಯತ್ತ ಸರಿಯತೊಡಗಿತು. ಬಂಡೆಯ ಅಂಚಿನಲ್ಲಿ ಮರೆಯಾಗುವ ತನಕ ಇನ್ನೂ ಹೊತ್ತಿತ್ತು. ಮೂವರೂ ಏನೇನೋ ಮಾತಾಡಿದರು. ದೊಡ್ಡ ಮಾತು ಯಾವುದೂ ಆಡಲಿಲ್ಲ, ಕೆಲವು ದಿನಗಳ ಮಾತೆಂದೇ ಎಲ್ಲರೂ ನಂಬಿದ್ದರು. ಗಂಗೋತ್ರಿ ಶಾಲೆಗೆ ಹೊರಟು ನಿಂತಾಗ ಸುವರ್ಣಾ, "ಜಡಿ ಬಿಗ್ಯಾಗಿ ಹೆಣೀಬ್ಯಾಡ ಅಂತ ನಿಮ್ಮಪ್ಪಗ ಹೇಳು, ಸಂಜೀತನಾ ತಲಿ ನೊಯ್..." ಎಂದಳು. ಅಲ್ಲಿಗೆ ನಿಂತಿತು.

ನಿಯಂತ್ರಣ ಕೋಣೆಯಲ್ಲಿ, ವಿಮಾನ ಹೊಳೆಯ ಮೇಲೆ ಬಂದಾಗ, ತಹಸೀನಳ ಪರದೆ ಕೆಂಪಾಯಿತು. ಒಂದೂ ನೀಲಿ ಚುಕ್ಕೆಯಿಲ್ಲ. ಗಿಡದ ಮೇಲಿದ್ದವರು, ಮಾಳಿಗೆಯ ಮೇಲಿದ್ದವರು, ಅರ್ಧ ಮುಳುಗಿದ ಬಸ್ಸಿನ ನೆತ್ತಿಯ ಮೇಲಿದ್ದವರು, ಉಳಿದಿದ್ದ ಬ್ಯಾಟರಿಯಲ್ಲಿ ಎಲ್ಲರೂ ಕಳಿಸುವವರೇ. ಇಲ್ಲಿದ್ದೀವಿ, ಇಲ್ಲಿದ್ದೀವಿ. ದೋಣಿಯವರು ಮೊದಲು ಹೋದದ್ದು ಗೌಡನಗಡ್ಡಿಯ ಶಾಲೆಗೆ. ಕೊನೆಯವರು ದೋಣಿ ಹತ್ತಿದ ಅದೇ ಸಂಜೆ ಅದರ ಮಾಳಿಗೆ ಕುಸಿಯಿತು. ತಹಸೀನ್ ಖುಷಿಯಿಂದ ಎದ್ದು ನಿಂತಳು, ಸುವರ್ಣಾಳಿಗೆ ಹೇಳಬೇಕೆಂದು ಫೋನಿಗೆ ಕೈ ಹಾಕಿದಳು, ಅಲ್ಲಿಗೆ ಕರೆ ಹೋಗುವುದಿಲ್ಲವೆಂದು ನೆನಪಾಗಿ ಕೂತಳು.

ನೀರು ಇಳಿಯಲಿಲ್ಲ. ಇಳಿದಂತೆ ಮಾಡಿ ಮತ್ತೆ ಏರಿತು. ಅದು ಹೋದ ಮೇಲೆ ಊರುಗಳಲ್ಲಿ ವಾಂತಿಭೇದಿ ಎದ್ದು, ಡಾಕ್ಟರುಗಳಿಗೆ ಸಂಪರ್ಕ ಬೇಕಾಯಿತು. ವಿಮಾನ ವಾಪಸ್ ಕೊಡಿ ಎಂದು ತಹಸೀನ್ ಮತ್ತೆ ಮತ್ತೆ ಕೇಳಿದಳು, ಇನ್ನೂ ಸ್ವಲ್ಪ ದಿನ ಎಂಬ ಉತ್ತರವೇ ಬಂತು. ಕೇಳುವವರೂ ಕೊಡದವರೂ ಇಬ್ಬರೂ ಸರಿಯಾಗಿದ್ದರು. ಅದೇ ಅವಳನ್ನು ಹಣ್ಣು ಮಾಡಿದ್ದು.

ಬೋಳಗುಂಡದಲ್ಲಿ ಮೌನೇಶ ವಾರ ಮುಗಿದ ಕೂಡಲೇ ಹೆಂಡತಿಯನ್ನು ಪ್ರಯೋಗಾಲಯಕ್ಕೇ ಒಯ್ಯಲು ಗಾಡಿ ಹುಡುಕಿದ. ಕಲಬುರಗಿಯ ದಾರಿಯ ಸೇತುವೆ ನೀರಿನೊಳಗಿತ್ತು. ಸೇತುವೆ ತೆರೆಯುವ ಹೊತ್ತಿಗೆ ಸುವರ್ಣಾಳಿಗೆ ಜ್ವರ ಹತ್ತಿ ಎದೆಯಲ್ಲಿ ಕಫ ಕಟ್ಟಿತ್ತು. ಈ ಸ್ಥಿತಿಯಲ್ಲಿ ಅಲುಗಾಡಿಸಿದರೆ ಜೀವ ಉಳಿಯುವುದಿಲ್ಲವೆಂದು ಸುರಪುರದ ಆಸ್ಪತ್ರೆಯಿಂದ ಬಂದು ನೋಡಿದ ಡಾಕ್ಟರಮ್ಮ ಕೈಮುಗಿದು ಹೇಳಿದರು. ನೋವು ಯಾವ ಮಗ್ಗುಲಿಗೆ, ಉಸಿರು ಎಲ್ಲಿ ಹಿಡಿಯುತ್ತದೆ ಎಂದು ಕೇಳಿದರೆ ಉತ್ತರವಿಲ್ಲ. ಸ್ಪೀಕರು ಮಂಚದ ಪಕ್ಕ ಸುಮ್ಮನೆ ಕೂತಿತ್ತು. ಅವಳು ಹೇಳಿದ್ದಂತೆ ಮೌನೇಶ ಮಾತಾಡುತ್ತಲೇ ಇದ್ದ. ಹೊಲಿಗೆಯವರ ಮನೆಯ ಬಾಗಿಲು ಕೂಡಿಸಿದ್ದು, ಮಗಳಿಗೆ ಹಲ್ಲು ಬಿದ್ದದ್ದು, ಗೌಡನಗಡ್ಡಿಯ ಮಂದಿಯೆಲ್ಲ ಬದುಕಿದರೆಂದು ಪೇಪರಿನಲ್ಲಿ ಬಂದದ್ದು. ಗಂಗೋತ್ರಿಯ ಜಡೆಯನ್ನು ಸಡಿಲಾಗಿ ಹೆಣೆಯುವುದನ್ನು ಕಲಿತ.

ವಿಮಾನ ಹಿಂದಿರುಗಿದಾಗ ಜೋಳ ಬಿತ್ತುವ ಕಾಲ. ಸುವರ್ಣಾಳ ಜ್ವರ ಬಿಟ್ಟಿತ್ತು, ಮೈಯಲ್ಲಿ ಎಲುಬು ಚರ್ಮ ಉಳಿದಿದ್ದವು. ಆ ದಿನ ಡಾಕ್ಟರ್ ಪ್ರಭಂಜನರೂ ತಹಸೀನಳೂ ಬೋಳಗುಂಡಕ್ಕೇ ಬಂದರು. ತಹಸೀನ್ ಸುವರ್ಣಾಳನ್ನು ನೋಡಿದ್ದು ಅದೇ ಮೊದಲು. ಅಷ್ಟು ದೊಡ್ಡ ದನಿಯ ಹೆಂಗಸು ಇಷ್ಟು ಸಣ್ಣಗಿರುತ್ತಾಳೆಂದು ಅವಳು ಎಣಿಸಿರಲಿಲ್ಲ.

ಸಂಪರ್ಕ ಕೂಡಿತು. ಅಷ್ಟು ಚೊಕ್ಕವಾದ ಲೈನು ಆ ಮನೆಗೆ ಹಿಂದೆಂದೂ ಬಂದಿರಲಿಲ್ಲ. ಕಳಿಸಿದ್ದು ರೆಪ್ಪೆ ಬಡಿಯುವುದರೊಳಗೆ ಹೋಗಿ ಬರುತ್ತಿತ್ತು.

"ಸುವರ್ಣಾ ಅವರೇ, ಏನಾದರೂ ಮಾತಾಡಿ," ಎಂದರು ಡಾಕ್ಟರ್.

"ಸ," ಎಂದಿತು ಸ್ಪೀಕರು. "ಸ. ಅ. ಸ."

ಅಷ್ಟೇ. ಮೂರು ದಿನ ಡಾಕ್ಟರು ಅಲ್ಲಿಯೇ ಉಳಿದು ಯಂತ್ರವನ್ನು ತಿದ್ದಿದರು. ಹಳೆಯ ಗುರುತುಗಳನ್ನು ಒಂದೊಂದಾಗಿ ಹೊಂದಿಸಿ ನೋಡಿದರು. ಮೂರನೆಯ ಸಂಜೆ ಅಂಗಳದ ಕಟ್ಟೆಯ ಮೇಲೆ ಮೌನೇಶನ ಪಕ್ಕ ಕೂತರು.

"ಜ್ವರದಲ್ಲಿ ಪೊರೆ ದಪ್ಪವಾಗಿಬಿಟ್ಟಿದೆ. ಒಂದು ಮಾತಿಗೂ ಇನ್ನೊಂದು ಮಾತಿಗೂ ಇದ್ದ ವ್ಯತ್ಯಾಸವೆಲ್ಲ ಅದರಲ್ಲಿ ಅಳಿಸಿಹೋಗ್ತಿದೆ."

"ಹೊಸಾ ಬಲಿ ಹಾಕಾಕ ಬರಂಗಿಲ್ಲೇನ್ರಿ?"

"ಇನ್ನೊಂದು ಶಸ್ತ್ರಚಿಕಿತ್ಸೆಯನ್ನ ಅವರ ಮೈ ತಡೆಯಲ್ಲ."

ಒಳಗೆ ತಹಸೀನ್ ಮಂಚದ ಕಾಲ ಬಳಿ ಕುಸಿದು ಕೂತು ಅಳುತ್ತಿದ್ದಳು. ಗಂಗೋತ್ರಿ ಡಾಕ್ಟರರ ಲ್ಯಾಪ್‌ಟಾಪಿನ ಮುಂದೆ ನಿಂತಿದ್ದಳು. ಪರದೆಯಲ್ಲಿ ಒಂದೇ ಒಂದು ಗೆರೆ ಏಳುತ್ತ ಬೀಳುತ್ತ ಓಡುತ್ತಿತ್ತು.

"ಡಾಕ್ಟರ್ರ, ಇದೇನು?" ಎಂದು ಕೂಗಿ ಕೇಳಿದಳು.

ಅವರು ಒಳಗೆ ಬಂದು ನೋಡಿದರು. "ಅದು ನಿಮ್ಮಮ್ಮ ಮಾತಾಡ್ತಿರೋದು, ಪುಟ್ಟಾ. ಮಾತಾಡಿದಾಗ ಗೆರೆ ಏಳುತ್ತೆ, ನಿಲ್ಲಿಸಿದಾಗ ಮಲಗುತ್ತೆ. ಏನು ಮಾತಾಡ್ತಿದಾರೆ ಅನ್ನೋದು ಮಾತ್ರ ತಿಳಿಯಲ್ಲ." ಆಮೇಲೆ ಮೌನೇಶನಿಗೆ ಮೆಲ್ಲಗೆ ಹೇಳಿದರು. "ಈ ಗೆರೆಯೂ ಬಹಳ ತಿಂಗಳು ಇರಲ್ಲ."

ಮೌನೇಶ ಗೆರೆಯನ್ನೇ ನೋಡುತ್ತ ನಿಂತ. ಅದು ಮಲಗುವ ತನಕ ಕಾದು, ಮಂಚದ ಅಂಚಿಗೆ ಕೂತು, ಹೆಂಡತಿಯ ಕೈಯನ್ನು ತನ್ನ ತೊಡೆಯ ಮೇಲಿಟ್ಟುಕೊಂಡ.

"ಸುವರ್ಣಾ, ಒಂದೊಂದು ಕೇಳ್ತೀನಿ. ಹೌದಾದ್ರ ಮಾತಾಡು. ಅಲ್ಲಾದ್ರ ಸುಮ್ಮನಿರು. ತಿಳೀತೇನು?"

ಗೆರೆ ಎದ್ದು ಬಿದ್ದಿತು. ಗಂಗೋತ್ರಿ ಬಾಯಿ ಮುಚ್ಚಿಕೊಂಡಳು.

"ಎಲ್ಯರ ನೊಯ್ತದೇನು?"

ಗೆರೆ ಏಳಲಿಲ್ಲ.

"ಗೌಡನಗಡ್ಡಿ ಮಂದಿ ಉಳದ್ರು ಅಂತ ಹೇಳಿದ್ನಲ್ಲ, ಕೇಳೀಯೇನು?"

ಗೆರೆ ಎದ್ದಿತು.

ಮುಂದಿನ ಪ್ರಶ್ನೆಯನ್ನು ಕೇಳುವುದೋ ಬೇಡವೋ ಎಂದು ತಿಳಿಯದೆ ಅವನು ಅವಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಮಡಿಸಿದ. ತಹಸೀನ್ ಅತ್ತಿದ್ದ ಮುಖವನ್ನು ಎತ್ತಿ ನೋಡಿದಳು.

"ಆವತ್ತು ಒಯ್ರಿ ಅಂದಿ. ಅದು ತಪ್ಪಾತು ಅಂತ ಅನಸ್ತದೇನು ನಿನಗ?"

ಎಲ್ಲರೂ ಪರದೆಯತ್ತ ನೋಡಿದರು. ಗೆರೆ ಮಲಗಿತ್ತು. ಮಲಗಿಯೇ ಇತ್ತು. ಹೊರಗೆ ಯಾರದೋ ಎತ್ತಿನ ಗಾಡಿ ಹಾದುಹೋಯಿತು, ಅದರ ಸದ್ದು ಬಂಡೆಗಳ ಆಚೆ ಕರಗಿತು, ಗೆರೆ ಏಳಲಿಲ್ಲ.

ಮೌನೇಶ ತಲೆ ತಗ್ಗಿಸಿದ. ಅವನಲ್ಲಿ ಇನ್ನು ಪ್ರಶ್ನೆಗಳಿರಲಿಲ್ಲ.

ಆಗ, ಯಾರೂ ಏನೂ ಕೇಳದೆ ಇದ್ದಾಗ, ಗೆರೆ ತಾನಾಗಿ ಎದ್ದಿತು. ಎದ್ದದ್ದು ಮಲಗಲಿಲ್ಲ. ಏರಿತು, ಇಳಿಯಿತು, ಸ್ವಲ್ಪ ತಡೆದು ಮತ್ತೆ ಏರಿತು. ಡಾಕ್ಟರು ಏನೋ ಹೇಳಹೋದರು, ಮೌನೇಶ ಕೈಯೆತ್ತಿ ಸುಮ್ಮನಿರಿಸಿದ. ಗಂಗೋತ್ರಿ ಬಂದು ಅಮ್ಮನ ಮಗ್ಗುಲಿಗೆ ಕೂತಳು. ಒಬ್ಬರು ಮಾತಾಡುವಾಗ ಉಳಿದವರು ಕೂರುವ ಹಾಗೆ ಎಲ್ಲರೂ ಅವಳ ಮುಖ ನೋಡುತ್ತ ಕೂತರು.

ಅವಳು ಬಹಳ ಹೊತ್ತು ಮಾತಾಡಿದಳು.